ಬಾಯಿಗೆ ಅಡ್ಡ ಇಟ್ಟ ಕೈ

ಗಾದೆಪ್ಪ ಬರೆದ ಸುದ್ದಿಯನ್ನು ಅಚ್ಚುಕೂಟದ ಹೊಸ್ತಿಲ ಮೇಲೆ ಇಡಬೇಕಾಗಿತ್ತು. ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲು. ಒಳಗಿನಿಂದ ಕಂಪೋಜಿಟರ್ ರಂಗಣ್ಣ ಬಂದು ಕಲ್ಲು ಸರಿಸಿ, ಹಾಳೆ ಎತ್ತಿಕೊಂಡು ಹೋಗಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಹಾಳೆ ಕೈಯಿಂದ ಕೈಗೆ ದಾಟುವಂತಿರಲಿಲ್ಲ. ಗಾದೆಪ್ಪ ಹೊಸ್ತಿಲು ದಾಟುವಂತಿರಲಿಲ್ಲ. ಜಗುಲಿಯ ಮೂಲೆಯಲ್ಲಿ ಮಾರಾಟವಾಗದೆ ಉಳಿದ ಪತ್ರಿಕೆಗಳ ಕಟ್ಟುಗಳಿದ್ದವು. ಅವುಗಳ ಮೇಲೆ ಕೂತು, ಮಂಡಿಯ ಮೇಲೆ ರಟ್ಟು ಇಟ್ಟುಕೊಂಡು ಅವನು ಬರೆಯುತ್ತಿದ್ದ.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಆ ಅಚ್ಚುಕೂಟ. ವಾರಕ್ಕೊಮ್ಮೆ ಬರುವ ‘ಗಡಿಕಿರಣ’ ಅಲ್ಲಿ ಅಚ್ಚಾಗುತ್ತಿತ್ತು. ಮಾಲೀಕರೂ ಸಂಪಾದಕರೂ ಚಿದಾನಂದಪ್ಪನವರೇ. ಖಾದಿ ಉಡುತ್ತಿದ್ದರು. ಚಳವಳಿಯಲ್ಲಿ ಜೈಲಿಗೂ ಹೋಗಿಬಂದಿದ್ದರು.

‘ನನಗೇನೂ ಇಲ್ಲಪಾ,’ ಎಂದು ಮೊದಲ ದಿನವೇ ಹೇಳಿದ್ದರು. ‘ನೀ ನನ್ನ ಮಗಾ ಇದ್ದಂಗ. ಆದ್ರ ಕಂಪೋಜಿಟರ್‌ಗಳು ಎದ್ದು ಹೋದ್ರ ಪತ್ರಿಕಿ ಯಾರು ತರ್ತಾರ ಹೇಳು. ಹೊರಗ ಗಾಳಿ ಛಲೋ ಬರ್ತೈತಿ. ಅಲ್ಲೇ ಕುಂತು ಬರಿ.’

ಗಾದೆಪ್ಪ ಕುರುಗೋಡಿನ ಮಾದಿಗರ ಕೇರಿಯವನು. ಮದರಾಸಿನ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಡಿಪ್ಲೊಮಾ ಓದುತ್ತಿದ್ದ. ವರದಿ ಬರೆಯುವುದು, ಜಾಹೀರಾತು ಕಟ್ಟುವುದು, ರೇಡಿಯೊದಲ್ಲಿ ಮಾತಾಡುವುದು, ಜನಸಂಪರ್ಕ ಎಲ್ಲ ಅದರಲ್ಲಿತ್ತು. ಪರೀಕ್ಷೆಗೆ ಮುಂಚೆ ಮೂರು ತಿಂಗಳು ಯಾವುದಾದರೂ ಪತ್ರಿಕೆಯಲ್ಲಿ ಕೆಲಸ ಕಲಿತು ಸಂಪಾದಕರ ಸಹಿ ತರಬೇಕು. ಸಹಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದಿದ್ದರೆ ಮತ್ತೆ ಕುರುಗೋಡು, ಮತ್ತೆ ಕೇರಿ, ಅಪ್ಪನ ಹಲಗೆ.

ಅಪ್ಪ ಎರ್ರಣ್ಣ ಊರಿನ ಡಂಗುರದವನು. ತೆರಿಗೆಯ ಸುದ್ದಿ, ಸಂತೆಯ ಸುದ್ದಿ, ಕಳೆದುಹೋದ ಎಮ್ಮೆಯ ಸುದ್ದಿ, ಎಲ್ಲ ಅವನ ಬಾಯಿಂದ ಊರಿಗೆ ಗೊತ್ತಾಗಬೇಕು. ಮೊದಲು ಹುಲ್ಲಿನ ಬೆಂಕಿ ಹಾಕಿ ಹಲಗೆಯ ಚರ್ಮ ಕಾಯಿಸುತ್ತಿದ್ದ. ಕಾಯದ ಹಲಗೆ ಸತ್ತ ಸದ್ದು ಮಾಡುತ್ತದೆ. ಕೇರಿಯಲ್ಲಿ ಹೇಗೆ ಬೇಕಾದರೂ ಕೂಗಬಹುದಿತ್ತು. ಮೇಲಿನ ಓಣಿಗಳಲ್ಲಿ ಹಾಗಲ್ಲ. ಅಲ್ಲಿ ಹಲಗೆ ಬಡಿದು, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಬಾಯಿಗೆ ಅಂಗೈ ಅಡ್ಡ ಹಿಡಿದು ಸಾರಬೇಕು. ಅವನ ಉಸಿರು ಯಾರಿಗೂ ತಾಗಬಾರದು, ಅವನು ಹೇಳಿದ್ದು ಮಾತ್ರ ಎಲ್ಲರಿಗೂ ಕೇಳಬೇಕು. ‘ಕೇಳ್ರಪೋ ಕೇಳ್ರಿ’ ಎಂದು ಶುರು, ‘ಗೌಡ್ರ ಅಪ್ಪಣಿ ಆಗೈತಿ’ ಎಂದು ಮುಕ್ತಾಯ. ಎರ್ರಣ್ಣ ಒಂದು ಮಾತು ಕೂಡಿಸಿದವನಲ್ಲ, ಒಂದು ಮಾತು ಬಿಟ್ಟವನಲ್ಲ. ಗಂಟಲು ದೊಡ್ಡದು. ಅವನು ಊರ ಅಗಸಿಬಾಗಿಲಲ್ಲಿ ನಿಂತು ಕೂಗಿದರೆ ಗುಡ್ಡದ ಬುಡದವರೆಗೂ ಕೇಳುತ್ತಿತ್ತು, ಅಂಗೈ ಅಡ್ಡ ಇದ್ದರೂ.

ಆ ಅಂಗೈ ಮಗನ ಜೊತೆ ಮದರಾಸಿಗೂ ಹೋಗಿತ್ತು. ಅಲ್ಲಿ ಮೊದಲ ಸಲ ಮೈಕಿನ ಮುಂದೆ ನಿಲ್ಲಿಸಿ ಧ್ವನಿ ನೋಡಿದ ದಿನ, ಗಾದೆಪ್ಪ ತನಗೆ ಗೊತ್ತಿಲ್ಲದೆಯೇ ಬಾಯಿಗೆ ಕೈ ಅಡ್ಡ ಇಟ್ಟು ಮಾತಾಡಿದ್ದ. ಗಾಜಿನ ಆಚೆ ಕೂತವರಿಗೆ ಗೊಗ್ಗರ ಶಬ್ದವಷ್ಟೇ ಕೇಳಿತು. ಜೊತೆಯವರು ಹೊಟ್ಟೆ ಹಿಡಿದು ನಕ್ಕರು. ಮೇಷ್ಟ್ರು ಬಂದು ಅವನ ಕೈ ಹಿಡಿದು ಕೆಳಗಿಳಿಸಿದರು. ‘ಬಾಯಿಗೂ ಮೈಕಿಗೂ ನಡುವೆ ಒಂದು ಗೇಣು ಇರಲಿ. ಆ ಗೇಣಿನಲ್ಲಿ ಗಾಳಿ ಬಿಟ್ಟು ಬೇರೇನೂ ಇರಬಾರದು’ ಎಂದರು. ಆ ರಾತ್ರಿ ಗಾದೆಪ್ಪನಿಗೆ ನಿದ್ದೆ ಬರಲಿಲ್ಲ. ಯಾರೂ ಹೇಳದಿದ್ದರೂ ತನ್ನ ಕೈ ಎದ್ದಿತ್ತು.

ಐವತ್ತೊಂದನೆಯ ಇಸವಿಯ ಕೊನೆ. ದೇಶದ ಮೊದಲ ಚುನಾವಣೆ ಹತ್ತಿರ ಬಂದಿತ್ತು. ‘ಗಡಿಕಿರಣ’ದ ಮುಖಪುಟದ ತುಂಬ ಸಿರುಗುಪ್ಪದ ಕೊಟ್ಟೂರಪ್ಪನ ಚಿತ್ರವೇ. ಅಕ್ಕಿ ಗಿರಣಿಯ ಮಾಲೀಕ, ಗುತ್ತಿಗೆದಾರ, ಈಗ ಅಭ್ಯರ್ಥಿ. ಚಿದಾನಂದಪ್ಪನವರ ಷಡ್ಡಕ. ಸಿರುಗುಪ್ಪದ ಹತ್ತಿರ ಒಂದು ಹಳೆಯ ಕಾಲುವೆ ಹೂಳು ತುಂಬಿ ಹಾಳಾಗಿತ್ತು. ಅದನ್ನು ತೋಡಿಸುವ ಗುತ್ತಿಗೆ ಅವನದೇ. ವೋಟಿಗೆ ಮುಂಚೆ ಕಾಲುವೆಗೆ ನೀರು ಬಿಡಬೇಕು, ಹೂವು ಎಸೆಯಬೇಕು, ಫೋಟೊ ತೆಗೆಸಬೇಕು. ಕೆಲಸಕ್ಕೆ ಜನ ಸಾಲದೆ ಕುರುಗೋಡಿನಲ್ಲೂ ಡಂಗುರ ಹೊಡೆಸಿದ. ಹೊಡೆದವನು ಎರ್ರಣ್ಣ. ಕೇರಿಯ ಹೆಂಗಸರು ಬುಟ್ಟಿ ಸಲಿಕೆ ಹಿಡಿದು ಲಾರಿ ಹತ್ತಿದರು. ಎರ್ರಣ್ಣನ ತಂಗಿ ಪಕ್ಕೀರಮ್ಮನೂ ಹೋದಳು.

ಗಾದೆಪ್ಪನಿಗೆ ತಾಯಿ ಇರಲಿಲ್ಲ. ಸಾಕಿದವಳು ಈ ಅತ್ತೆ. ಗಂಡ ಸತ್ತ ಮೇಲೆ ತವರಿಗೆ ಬಂದವಳು ಅವನನ್ನು ಸೊಂಟದ ಮೇಲೆ ಇಟ್ಟುಕೊಂಡೇ ಕಳೆ ಕೀಳುತ್ತಿದ್ದಳು.

ಒಂದು ಮಧ್ಯಾಹ್ನ ಗಾದೆಪ್ಪ ತಲೆ ಎತ್ತಿದಾಗ ಬೀದಿಯ ಆಚೆ ಅಪ್ಪ ನಿಂತಿದ್ದ. ಜಗುಲಿಯ ಹತ್ತಿರ ಬರಲಿಲ್ಲ. ಗಾದೆಪ್ಪನೇ ಇಳಿದು ಹೋದ.

‘ಯಾಕ ಬಂದಿ ಯಪ್ಪಾ?’

‘ನಿಮ್ಮತ್ತಿ ಸತ್ಲು.’

ಗಾದೆಪ್ಪ ಅಪ್ಪನ ತೋಳು ಹಿಡಿದ.

‘ಕಾಲುವಿ ದಂಡಿ ಬಿತ್ತು. ಗಿಡ್ಡಮ್ಮನೂ ಹೋದ್ಲು. ಉಚ್ಚಂಗೆಮ್ಮನೂ. ಸೋಮವಾರ ಬಿದ್ದೈತಿ, ನಮಗ ನಿನ್ನಿ ಗೊತ್ತಾತು.’

‘ಹೆಣ ಎಲ್ಲಿ ಅದಾವು?’

‘ಅಲ್ಲೇ ಹೂತಾರ.’ ಎರ್ರಣ್ಣ ನೆಲ ನೋಡಿದ. ‘ಛಲೋ ಕೆಲಸ ಐತಿ ಬರ್ರಿ ಅಂತ ಕೂಗಿದಾಂವ ನಾನಾ ಅಲ್ಲೇನಲೇ.’

ಮುಂದಿನ ಬಸ್ಸಿಗೇ ಇಬ್ಬರೂ ಸಿರುಗುಪ್ಪಕ್ಕೆ ಹೋದರು.

ಕಾಲುವೆಯ ಕೆಲಸ ನಿಂತಿರಲಿಲ್ಲ. ದಂಡೆ ಬಿದ್ದ ಜಾಗದಲ್ಲಿ ಹಸಿಮಣ್ಣು ಗುಡ್ಡೆಯಾಗಿತ್ತು. ಅದರ ಪಕ್ಕದಲ್ಲೇ ಹೆಂಗಸರು ಸಾಲಾಗಿ ಬುಟ್ಟಿ ಹೊರುತ್ತಿದ್ದರು. ಕುರುಗೋಡಿನ ಸಾವಂತ್ರಮ್ಮ ಗುರುತು ಹಿಡಿದು, ಬುಟ್ಟಿ ಇಳಿಸದೆಯೇ ಹತ್ತಿರ ಬಂದಳು. ಮೇಸ್ತ್ರಿ ದೂರದಲ್ಲಿ ಬೀಡಿ ಸೇದುತ್ತಿದ್ದ.

‘ಮ್ಯಾಲಿಂದ ಅಗಕೋತ ಬರ್ಬೇಕಾಗಿತ್ತು,’ ಎಂದಳು. ‘ಮೇಸ್ತ್ರಿ ಬುಡದಾಗ ಕೊರೀರಿ ಅಂದ. ಬುಡ ಕೊರದ್ರ ಮ್ಯಾಲಿಂದು ತಾನಾ ಬೀಳ್ತೈತಿ, ಕೆಲಸ ಜಲ್ದಿ ಆಕ್ಕೈತಿ ಅಂದ. ಮ್ಯಾಲ ಬಿರುಕು ಬಿಟ್ಟೈತಿ ನೋಡಪಾ ಅಂತ ನಿಮ್ಮತ್ತಿ ಎರಡು ಸಲ ಹೇಳಿದ್ಲು. ನೀ ಏನ್ ಇಂಜಿನೇರಾ ಅಂದ.’

‘ಪೋಲೀಸ್ರು ಬರಲಿಲ್ಲೇನು?’

‘ಬರಾಕ ಮುಂಚೆ ಹೂಳಿಸಿದ್ರು. ಕುಣಿ ತೋಡಿದಾವ್ರು ನಾವಾ. ಇದಾ ಗುದ್ದಲಿ.’ ಸಾವಂತ್ರಮ್ಮ ಕುತ್ತಿಗೆ ತಿರುಗಿಸದೆ ಕಣ್ಣಲ್ಲೇ ಒಂದು ಜಾಗ ತೋರಿಸಿದಳು. ‘ತಲಿ ಯಾವ ಕಡಿ ಇಡ್ಬೇಕು ಅಂತ ಕೇಳಾಕೂ ಬಿಡ್ಲಿಲ್ಲ. ಮುಂದಿನ ಬುಟ್ಟಿ ಹೊರ್ರಿ ಅಂದ್ರು.’

ಮಣ್ಣಿನ ಗುಡ್ಡೆಯ ಅಂಚಿನಲ್ಲಿ ಒಂದು ಸಿಂಬೆ ಬಿದ್ದಿತ್ತು. ಬುಟ್ಟಿಯ ಕೆಳಗೆ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಗಾದೆಪ್ಪ ಎತ್ತಿ ಬಿಚ್ಚಿದ. ಹಾಸ್ಟೆಲಿನಲ್ಲಿ ತೊಟ್ಟು ಹರಿದಿದ್ದ ಅವನದೇ ಅಂಗಿ. ಒಂದು ಗುಂಡಿ ಇನ್ನೂ ಇತ್ತು. ಅದನ್ನು ಸುತ್ತಿ ಅಪ್ಪನ ಕೈಗೆ ಕೊಟ್ಟ. ಆಮೇಲೆ ಒಬ್ಬೊಬ್ಬ ಹೆಂಗಸಿನ ಹತ್ತಿರವೂ ಹೋಗಿ ಕೇಳಿದ. ಮೇಸ್ತ್ರಿಯನ್ನೂ ಕೇಳಿದ.

‘ಯಾರಲೇ ನೀನು?’

‘ಪತ್ರಿಕಿಯಾಂವ.’

ಮೇಸ್ತ್ರಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ ನಕ್ಕ. ‘ನಿಮ್ಮ ಕೇರ್ಯಾಗೂ ಪತ್ರಿಕಿ ಐತೇನಲೇ?’

ಮದರಾಸಿನಲ್ಲಿ ಕಲಿಸಿದ ಮೊದಲ ಪಾಠ ಆರು ಪ್ರಶ್ನೆಗಳದು. ಯಾರು, ಏನು, ಎಲ್ಲಿ, ಯಾವಾಗ, ಹೇಗೆ, ಯಾಕೆ. ಆರಕ್ಕೂ ಉತ್ತರ ಇದ್ದರೆ ಅದು ಸುದ್ದಿ. ಒಂದು ತಪ್ಪಿದರೂ ಮೇಷ್ಟ್ರು ಹಾಳೆ ವಾಪಸು ಕೊಡುತ್ತಿದ್ದರು. ಗಾದೆಪ್ಪ ಜಗುಲಿಯ ಮೇಲೆ ಕೂತು ಆರಕ್ಕೂ ಉತ್ತರ ಬರೆದ. ಅತ್ತೆ ಎಂದು ಬರೆಯಲಿಲ್ಲ. ಕುರುಗೋಡಿನ ಪಕ್ಕೀರಮ್ಮ ಎಂದು ಬರೆದ. ಹೊಸ್ತಿಲ ಮೇಲೆ ಇಟ್ಟು ಕಲ್ಲು ಹೇರಿದ.

ಈ ಸಲ ಎತ್ತಿಕೊಳ್ಳಲು ಬಂದವರು ಚಿದಾನಂದಪ್ಪನವರು. ನಿಂತೇ ಓದಿದರು.

‘ಛಲೋ ಬರದಿ,’ ಎಂದರು. ನಿಜವಾಗಿಯೇ ಅಂದರು. ‘ಮದರಾಸಿನಾಗ ಛಲೋ ಕಲಿಸ್ಯಾರ.’ ಕಿವಿಯಿಂದ ಪೆನ್ಸಿಲ್ ತೆಗೆದು ಬಾಗಿಲಿಗೆ ಹಾಳೆ ಒತ್ತಿ ಹಿಡಿದರು. ‘ಈ ಹೆಸರು ಬ್ಯಾಡ.’

‘ಯಾಕ್ರಿ?’

‘ಗಿಡ್ಡಮ್ಮ, ಉಚ್ಚಂಗೆಮ್ಮ ಅಂದ್ರ ಓದಾವ್ರಿಗಿ ಏನ್ ಗೊತ್ತಾಕ್ಕೈತಿ? ಯಾರ್ ಮಂದಿ ಅವ್ರು? ಕೂಲಿಗಳು ಅಂತ ಹಾಕಿದ್ರ ಸಾಕು.’

‘ಹೋದ ವಾರ ಎರ್ರಿಸ್ವಾಮಿ ಸಾವ್ಕಾರ್ರ ಎತ್ತು ಸತ್ತಿದ್ದು ಹಾಕಿದ್ರಲ್ರಿ. ಎತ್ತಿನ ಹೆಸರೂ ಇತ್ತು.’

ರಂಗಣ್ಣ ಒಳಗೆ ಮೊಳೆ ಜೋಡಿಸುವುದನ್ನು ನಿಲ್ಲಿಸಿದ. ಚಿದಾನಂದಪ್ಪನವರು ಪೆನ್ಸಿಲಿನ ತುದಿ ನಾಲಗೆಗೆ ಹಚ್ಚಿಕೊಂಡರು.

‘ನೋಡು ಗಾದೆಪ್ಪ. ಪತ್ರಿಕಿಯಾಂವಗ ದುಃಖ ಇರಬಾರದು. ನೀನು ಒಂದ್ ಕಡಿಯಾಂವ ಆದಿ. ಸತ್ತಾಕಿ ನಿಮ್ಮತ್ತಿ ಅಂತ ನನಗ ಗೊತ್ತೈತಿ. ಅದಕ್ಕ ನಿನ್ನ ಕಣ್ಣಿಗಿ ಬರೇ ಬುಡ ಕೊರದದ್ದು ಕಾಣತೈತಿ.’

‘ಕೊಟ್ಟೂರಪ್ಪ ಧಣೇರು ನಿಮಗ ಏನಾಗ್ಬೇಕ್ರಿ?’

ಚಿದಾನಂದಪ್ಪನವರು ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಳ್ಳುವುದು ಅವರ ಪದ್ಧತಿಯಲ್ಲ. ಹೆಸರುಗಳ ಮೇಲೆ ಒಂದು ಗೆರೆ ಎಳೆದರು. ಹೇಗೆ ಎಂಬುದರ ಮೇಲೆ ಒಂದು. ಯಾಕೆ ಎಂಬುದರ ಮೇಲೆ ಒಂದು. ಉಳಿದದ್ದು ಎರಡು ಸಾಲು. ಗುರುವಾರದ ಪತ್ರಿಕೆಯಲ್ಲಿ ಅದು ಮೂರನೆಯ ಪುಟದ ತಳದಲ್ಲಿ, ತಲೆನೋವಿನ ಮುಲಾಮಿನ ಜಾಹೀರಾತಿನ ಕೆಳಗೆ ಬಂತು. ‘ಸಿರುಗುಪ್ಪದ ಬಳಿ ಕಾಲುವೆಯ ದಂಡೆ ಕುಸಿದು ಕೆಲವು ಕೂಲಿಗಳಿಗೆ ಅಪಾಯವಾಯಿತೆಂದು ತಿಳಿದುಬಂದಿದೆ. ಕೆಲಸಕ್ಕೆ ಅಡ್ಡಿಯಾಗಿಲ್ಲ.’

ಅದೇ ದಿನ ಅವರು ಗಾದೆಪ್ಪನ ಹತ್ತಿರ ಜಗುಲಿಗೆ ಬಂದು ಕೂತರು. ಹಿಂದೆಂದೂ ಕೂತಿರಲಿಲ್ಲ.

‘ಭಾನುವಾರ ಸಿರುಗುಪ್ಪದಾಗ ಸಭಿ ಐತಿ. ನಿಮ್ಮ ಮಂದಿ ಸಿಟ್ಟಿಗೆದ್ದಾರ. ನೀ ಒಂದೆರಡು ಮಾತಾಡಿದ್ರ ತಣ್ಣಗ ಆಕ್ಕಾರ. ಕಲಿತಾಂವ ಅದೀಯಿ, ಅವರಾಂವ ಅದೀಯಿ. ಜನಸಂಪರ್ಕ ಅಂತ ನಿಮ್ಮ ಪಾಠದಾಗಾ ಐತೆಲ್ಲ. ಪಾಠ ಮಾಡಿದಂಗೂ ಆತು.’

‘ಏನಂತ ಮಾತಾಡ್ಲಿ?’

‘ಮಣ್ಣು ಬಿದ್ದದ್ದು ದೇವರ ಆಟ. ಕೊಟ್ಟೂರಪ್ಪನವರು ನಮಗ ಅನ್ನ ಕೊಟ್ಟಾವ್ರು. ಇಷ್ಟಾ.’ ಎದ್ದು ಪಂಚೆ ಕೊಡವಿಕೊಂಡರು. ‘ಸೋಮವಾರ ಬಾ. ನಿನ್ನ ಕಾಗದಕ್ಕ ಸಹಿ ಹಾಕಿ ಕೊಡ್ತೀನಿ. ಮೂರು ತಿಂಗಳು ಆಗಾಕ ಬಂತಲ್ಲ.’

ಗಾದೆಪ್ಪ ಹ್ಞೂಂ ಅಂದ.

ಅದನ್ನು ಮುಚ್ಚಿಡುವುದು ಬೇಡ. ಹ್ಞೂಂ ಅಂದ. ಆ ರಾತ್ರಿ ಬಳ್ಳಾರಿಯಲ್ಲಿ ತಾನು ಉಳಿದುಕೊಂಡಿದ್ದ ಹಾಸ್ಟೆಲಿನ ವರಾಂಡದಲ್ಲಿ ಆ ಎರಡು ವಾಕ್ಯಗಳನ್ನು ಬಾಯಿಪಾಠವನ್ನೂ ಮಾಡಿದ. ಅತ್ತೆ ಹೋದವಳು ಹೋದಳು, ಸಹಿ ಸಿಕ್ಕರೆ ರೇಡಿಯೊ ನಿಲಯದಲ್ಲೋ ದೊಡ್ಡ ಪತ್ರಿಕೆಯಲ್ಲೋ ಕೂತು ಇಂಥ ನೂರು ಸುದ್ದಿ ಹೇಳಬಹುದು ಎಂದು ತನಗೆ ತಾನೇ ಹೇಳಿಕೊಂಡ. ಬಡವರ ಮನೆಯಲ್ಲಿ ಓದಿದವನಿಗೆ ಇಂಥ ಲೆಕ್ಕ ಬೇಗ ಬರುತ್ತದೆ.

ಭಾನುವಾರ ಸಂಜೆ ಸಿರುಗುಪ್ಪದಲ್ಲಿ ಗಿರಣಿಯ ಮುಂದಿನ ಬಯಲು ತುಂಬಿತ್ತು. ಅಕ್ಕಿ ಚೀಲಗಳನ್ನು ಪೇರಿಸಿ, ಮೇಲೆ ಜಮಖಾನೆ ಹಾಸಿ ವೇದಿಕೆ ಮಾಡಿದ್ದರು. ಬಳ್ಳಾರಿಯ ಕೌಲ್ ಬಜಾರಿನಿಂದ ಖಾಜಾಸಾಬ ಮೈಕು ತಂದಿದ್ದ. ಬೇವಿನ ಮರಕ್ಕೆ ಧ್ವನಿವರ್ಧಕದ ಎರಡು ಕೊಂಬು, ಕೆಳಗೆ ಬ್ಯಾಟರಿ. ಆ ಊರಿಗೆ ಮೈಕು ಹೊಸದು. ಹಚ್ಚೊಳ್ಳಿ, ಸಿರಿಗೇರಿಯಿಂದಲೂ ಜನ ಅದನ್ನು ಕೇಳಲೆಂದೇ ಗಾಡಿ ಕಟ್ಟಿಕೊಂಡು ಬಂದಿದ್ದರು. ವೇದಿಕೆಯ ಮುಂದೆ ಮೇಲಿನವರು ಚಾಪೆಯ ಮೇಲೆ. ನಡುವೆ ಒಂದು ಹಗ್ಗ. ಹಗ್ಗದ ಆಚೆ ತೌಡಿನ ರಾಶಿಯ ಹತ್ತಿರ ಕೇರಿಯವರು, ಕಾಲುವೆಯ ಹೆಂಗಸರು. ಸಾವಂತ್ರಮ್ಮ ಮುಂದೆಯೇ ಕೂತಿದ್ದಳು.

ಎರ್ರಣ್ಣನನ್ನೂ ಕರೆಸಿದ್ದರು. ಬೆಳಗಿನಿಂದ ಓಣಿ ಓಣಿ ತಿರುಗಿ ಹಲಗೆ ಬಡಿದು ಸಭೆಗೆ ಜನ ಕೂಡಿಸಿದ್ದು ಅವನೇ. ತಂಗಿಯನ್ನು ಹೂತ ಊರಿನಲ್ಲಿ ಅಂಗೈ ಅಡ್ಡ ಇಟ್ಟು ಕೊಟ್ಟೂರಪ್ಪನ ಹೆಸರು ಕೂಗಿದ್ದ. ಮಗ ಮೈಕಿನಲ್ಲಿ ಮಾತಾಡುತ್ತಾನೆ ಎಂದು ಅವನಿಗೆ ಗೊತ್ತಿತ್ತು. ಏನು ಮಾತಾಡುತ್ತಾನೆ ಎಂದು ಕೇಳಿರಲಿಲ್ಲ.

ಚಿದಾನಂದಪ್ಪನವರು ಮೊದಲು ಮಾತಾಡಿದರು. ಸ್ವಾತಂತ್ರ್ಯ, ಸಮಾನತೆ, ಕಾಲುವೆ. ಆಮೇಲೆ ಗಾದೆಪ್ಪನ ಕಡೆ ಕೈ ಮಾಡಿದರು. ಗಾದೆಪ್ಪ ಚೀಲದ ಮೇಲೆ ಕಾಲಿಟ್ಟ.

‘ಎಲ್ಲಿಗಿ?’ ಎಂದ ಕೊಟ್ಟೂರಪ್ಪ, ಕೂತಲ್ಲಿಂದಲೇ.

‘ಮಾತಾಡಾಕ್ರಿ.’

ಕೊಟ್ಟೂರಪ್ಪ ಷಡ್ಡಕನ ಕಡೆ ವಾಲಿದ. ದನಿ ತಗ್ಗಿಸಿದನೆಂದು ಅವನು ಎಣಿಸಿದ್ದ. ಮೈಕು ಹತ್ತಿರವೇ ಇತ್ತು. ಅವನ ಮಾತು ಎರಡೂ ಕೊಂಬಿನಿಂದ ಬಯಲಿಗೆಲ್ಲ ಕೇಳಿತು. ‘ಇವನ ಬಾಯಿ ಎಂಜಲು ಹತ್ತಿದ ಮ್ಯಾಲ ನಾ ಹೆಂಗ ಬಾಯಿ ಹಚ್ಚಲಿ? ಹಿರೇರು ಕುಂತಾರ. ಕೆಳಗ ನಿಂತು ಹೇಳಲಿ. ಅಪ್ಪನ ಹಲಗಿ ಐತೆಲ್ಲ.’

ಮುಂದೆ ಕೂತವರಲ್ಲಿ ಕೆಲವರು ನಕ್ಕರು. ಒಬ್ಬ ಮುದುಕ ಹೌದೆಂದು ತಲೆಯಾಡಿಸಿದ. ಚಿದಾನಂದಪ್ಪನವರು ಕೆಳಗಿಳಿದು ಬಂದರು.

‘ಬ್ಯಾಸರ ಮಾಡ್ಕೋಬ್ಯಾಡ. ನಿಂದು ಹುಟ್ಟಾ ದೊಡ್ಡ ಗಂಟಲು. ನಿನಗ್ಯಾಕ ಮೈಕು? ಹಲಗಿ ಬಡದು, ಹೆಂಗ ನಿಮ್ಮಪ್ಪ ಸಾರ್ತಾನೋ ಹಂಗ ಸಾರಿಬಿಡು. ಜನಕ್ಕೂ ಗೊತ್ತಿದ್ದ ರೀತಿ.’ ಆಮೇಲೆ ಕಿವಿಯ ಹತ್ತಿರ, ‘ನಾಳಿ ಸಹಿ.’

ಎರ್ರಣ್ಣ ಹಲಗೆ ಕೊಟ್ಟ. ಮಗನ ಮುಖ ನೋಡಲಿಲ್ಲ. ಗಾದೆಪ್ಪ ಹೆಗಲಿಗೆ ಹಾಕಿಕೊಂಡ. ಚಿಕ್ಕಂದಿನಿಂದ ಗೊತ್ತಿದ್ದ ತೂಕ. ಬಡಿದ. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿದ. ಕೈ ತಾನಾಗಿ ಮೇಲೆದ್ದು ಬಾಯಿಗೆ ಅಡ್ಡ ನಿಂತಿತು.

‘ಕೇಳ್ರಪೋ ಕೇಳ್ರಿ.’

ತನ್ನ ಬಿಸಿ ಉಸಿರು ತನ್ನ ಮುಖಕ್ಕೇ ಹೊಡೆಯಿತು. ಅಂಗೈಯಲ್ಲಿ ಚರ್ಮದ ನಾತ, ಬೆವರಿನ ನಾತ. ಮದರಾಸಿನ ಗಾಜಿನ ಕೋಣೆಯ ಅದೇ ಗೊಗ್ಗರ ಶಬ್ದ. ಬಾಯಿಪಾಠ ಮಾಡಿದ ಮಾತು ಗಂಟಲಿಗೆ ಬಂತು, ಮಣ್ಣು ಬಿದ್ದದ್ದು ದೇವರ ಆಟ. ಹಗ್ಗದ ಆಚೆ ಸಾವಂತ್ರಮ್ಮ ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಇವನೂ ಇದನ್ನೇ ಹೇಳುತ್ತಾನೆ ಎಂದು ಗೊತ್ತಿದ್ದವಳ ಮುಖ.

ಗಾದೆಪ್ಪ ಹಲಗೆ ಕಳಚಿ ಅಪ್ಪನ ಕೈಗೆ ಕೊಟ್ಟ. ಚೀಲಗಳ ಮೇಲೆ ಹತ್ತಿದ. ಯಾರಿಗೂ ಏನಾಗುತ್ತಿದೆ ಎಂದು ತಿಳಿಯುವ ಮುಂಚೆ ಮೈಕಿನ ಕಂಬ ಹಿಡಿದಿದ್ದ. ಬಾಯಿಗೂ ಮೈಕಿಗೂ ನಡುವೆ ಒಂದು ಗೇಣು.

‘ನಾನು ಕುರುಗೋಡಿನ ಎರ್ರಣ್ಣನ ಮಗ ಗಾದೆಪ್ಪ. ಸುದ್ದಿ ಹೇಳ್ತೀನಿ. ಯಾರು? ಪಕ್ಕೀರಮ್ಮ, ಗಿಡ್ಡಮ್ಮ, ಉಚ್ಚಂಗೆಮ್ಮ. ಏನಾದ್ರು? ಸತ್ರು. ಎಲ್ಲಿ? ಇದಾ ಊರ ಕಾಲುವ್ಯಾಗ. ಯಾವಾಗ? ಹಿಂದಿನ ಸೋಮವಾರ, ಹಗಲೊತ್ತಿನ್ಯಾಗ. ಹೆಂಗ? ದಂಡಿ ಬಿರುಕು ಬಿಟ್ಟೈತಿ ಅಂದ್ರೂ ಬುಡ ಕೊರಿಸಿದ್ರು. ಯಾಕ?’

ಯಾಕೆ ಎಂಬುದಕ್ಕೆ ಉತ್ತರ ಬರಲಿಲ್ಲ. ಗಿರಣಿಯ ಹಮಾಲರು ಮೇಲೆ ಬಿದ್ದಿದ್ದರು. ಅವನ ಹಲ್ಲು ಮೈಕಿಗೆ ತಾಗಿದ್ದು, ಅಂಗಿ ಹರಿದದ್ದು, ‘ಒದೀರಿ ಅವನ್ನ’ ಎಂದದ್ದು ಎಲ್ಲವೂ ಬೇವಿನ ಮರದಿಂದ ಊರಿಗೆಲ್ಲ ಕೇಳಿತು. ಚೀಲಗಳ ಮೇಲಿಂದ ಎಳೆದು ಕೆಳಗೆ ಹಾಕಿ ಕಾಲಿನಿಂದ ತುಳಿದರು. ಕೈ ಹಿಂದಕ್ಕೆ ಮಾಡಿ, ಅಲ್ಲೇ ನಿಂತಿದ್ದ ಕೊಟ್ಟೂರಪ್ಪನ ಜೀಪಿನ ಬಂಪರಿಗೆ ಕಟ್ಟಿದರು.

ಕೊಟ್ಟೂರಪ್ಪ ಎದ್ದ. ಮೈಕಿನ ಹತ್ತಿರ ಬಂದ. ಅದರ ಮೇಲೆ ರಕ್ತ ಬೆರೆತ ಉಗುಳು ಇತ್ತು. ಹಿಂದಕ್ಕೆ ಸರಿದ. ಚಿದಾನಂದಪ್ಪನವರ ಕಡೆ ನೋಡಿದ. ಅವರೂ ಬರಲಿಲ್ಲ. ವೇದಿಕೆಯ ಮೇಲಿದ್ದ ಒಬ್ಬರಿಗೂ ಈಗ ಮಾತಾಡಲು ಸಾಧ್ಯವಿರಲಿಲ್ಲ. ಬಯಲು ತುಂಬ ಜನ, ನಡುವೆ ಒಂದು ಮೈಕು, ಯಾರೂ ಮುಟ್ಟುವವರಿಲ್ಲ.

‘ತೊಳೀರಿ ಅದನ್ನ,’ ಎಂದ ಮುದುಕ.

ಖಾಜಾಸಾಬ ಅಡ್ಡ ಬಂದ. ‘ಪಾನಿ ಹಾಕಬ್ಯಾಡ್ರಿ ಸಾಬ್. ಒಳಗ ತಂತಿ ಐತಿ. ಬಟ್ಟಿಲೇ ಒರಸ್ತೀನಿ.’

‘ಒರಸಿದ್ರ ಮೈಲಿಗಿ ಹೋಗ್ತೈತೇನೋ ಸಾಬಾ? ನಿನಗೇನ್ ಗೊತ್ತು?’

ಯಾರೋ ಒಂದು ಬಿಂದಿಗೆ ನೀರು ತಂದರು. ಅದರಲ್ಲಿ ಒಂದಿಷ್ಟು ಗಂಜಲ ಬೆರೆಸಿದರು. ಮೈಕಿನ ತಲೆಯ ಮೇಲೆ ಸುರಿದರು. ಮೈಕು ಒಮ್ಮೆ ಹಂದಿಯ ಹಾಗೆ ಕಿರುಚಿತು. ಆಮೇಲೆ ಸುಮ್ಮನಾಯಿತು. ಖಾಜಾಸಾಬ ಹಣೆಗೆ ಕೈ ಹಚ್ಚಿಕೊಂಡು ಬ್ಯಾಟರಿಯ ಪಕ್ಕ ಕೂತ.

ಕೊಟ್ಟೂರಪ್ಪ ಮೈಕಿಲ್ಲದೆ ಮಾತಾಡಿದ. ಅವನದು ಸಣ್ಣ ದನಿ. ಮೂರನೆಯ ಸಾಲು ದಾಟಲಿಲ್ಲ. ಹಿಂದಿನಿಂದ ‘ಕೇಳಂಗಿಲ್ರೀ’ ಎಂದು ಒಬ್ಬ ಕೂಗಿದ. ‘ಹಲ್ಲಿ ಲೊಚಗುಟ್ಟಿದಂಗ ಕೇಳತೈತಿ’ ಎಂದು ಇನ್ನೊಬ್ಬ. ನಗು ಎದ್ದಿತು. ಕೊಟ್ಟೂರಪ್ಪನ ಮುಖ ಕಪ್ಪಿಟ್ಟಿತು. ಅವನ ಕಣ್ಣು ಎರ್ರಣ್ಣನ ಮೇಲೆ ಬಿತ್ತು.

‘ಲೇ ಎರ್ರಾ. ಬಾ ಇಲ್ಲಿ. ನಾ ಒಂದೊಂದ್ ಮಾತು ಹೇಳ್ತೀನಿ. ನೀ ಸಾರಬೇಕು.’

ಎರ್ರಣ್ಣ ಜೀಪಿನ ಕಡೆ ನೋಡಿದ. ಗಾದೆಪ್ಪನ ಬಾಯಿಂದ ರಕ್ತ ಸೋರುತ್ತಿತ್ತು.

‘ಮಗನ್ನ ಬಿಡಿಸ್ತೀನಿ. ಸಾರು,’ ಎಂದ ಕೊಟ್ಟೂರಪ್ಪ. ‘ನನ್ನ ಬಂಧುಗಳೇ, ಈ ಕಾಲುವಿ ನಿಮ್ಮದು. ಹ್ಞೂಂ. ಸಾರು.’

ಎರ್ರಣ್ಣ ಹಲಗೆ ಬಡಿದ. ಬಯಲು ಸುಮ್ಮನಾಯಿತು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿದ. ಕೈ ಎದ್ದಿತು. ಎದೆಯವರೆಗೆ ಬಂದದ್ದು ಅಲ್ಲೇ ನಿಂತಿತು. ಆ ಕೈಯನ್ನು ಅವನು ಒಂದು ಗಳಿಗೆ ನೋಡಿದ. ಯಾರದೋ ಕೈ ನೋಡಿದ ಹಾಗೆ. ಕೆಳಗೆ ಬಿಟ್ಟ.

‘ಕೇಳ್ರಪೋ ಕೇಳ್ರಿ. ಯಾಕ ಅಂತ ಹೇಳಾಕ ನನ್ನ ಮಗನ್ನ ಬಿಡ್ಲಿಲ್ಲ. ನಾ ಹೇಳ್ತೀನಿ. ವೋಟಿಗಿ ಮುಂಚೆ ನೀರು ಬಿಡಬೇಕಾಗಿತ್ತು. ಅದಕ್ಕ ಬುಡ ಕೊರಿಸಿದ್ರು. ಪಕ್ಕೀರಮ್ಮ ನನ್ನ ತಂಗಿ. ಗಿಡ್ಡಮ್ಮ, ಉಚ್ಚಂಗೆಮ್ಮ ನಮ್ಮ ಕೇರಿ ಮಕ್ಕಳು. ಬರ್ರಿ ಅಂತ ಕರದಾಂವ ನಾನು. ಕೇಳ್ರಪೋ. ಇದು ಯಾರ ಅಪ್ಪಣೀನೂ ಅಲ್ಲ.’

ಆ ದನಿಗೆ ಕೊಂಬು ಬೇಕಾಗಿರಲಿಲ್ಲ. ಹಗ್ಗದ ಆಚೆ ಹೆಂಗಸರು ಎದ್ದು ನಿಂತರು. ಹಮಾಲರು ಎರ್ರಣ್ಣನನ್ನು ಕೆಡವಿದರು. ಹಲಗೆಯನ್ನು ನೆಲಕ್ಕೆ ಹಾಕಿ ಒಬ್ಬ ಕಾಲಿಟ್ಟ. ಚರ್ಮ ಹರಿದು ಅವನ ಕಾಲು ಒಳಗೆ ಸಿಕ್ಕಿಕೊಂಡಿತು. ಅವನು ಹಲಗೆಯ ಸಮೇತ ಕುಂಟಿದ. ಸಾವಂತ್ರಮ್ಮ ಹಗ್ಗ ದಾಟಿ ಬಂದು ಜೀಪಿನ ಹತ್ತಿರ ಕೂತು ಗಾದೆಪ್ಪನ ಕಟ್ಟು ಬಿಚ್ಚಿದಳು. ಅವಳ ಬೆನ್ನಿಗೂ ಏಟು ಬಿದ್ದವು. ಬಿಚ್ಚುವುದು ಬಿಡಲಿಲ್ಲ.

ಕೊಟ್ಟೂರಪ್ಪ ಚುನಾವಣೆ ಗೆದ್ದ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಬೇರೆ ಏನನ್ನೋ ಕಾದು ಕೂರುವುದು ಬೇಡ. ನೀರೂ ಬಿಟ್ಟ, ಹೂವೂ ಎಸೆದ. ಆ ವಾರವೇ ಸಭೆಯ ವಿಷಯ ‘ಗಡಿಕಿರಣ’ದಲ್ಲಿ ಮುಖಪುಟದಲ್ಲೇ ಬಂತು. ಅಪಾರ ಜನ ಸೇರಿದ್ದರು, ಧ್ವನಿವರ್ಧಕ ಕೆಟ್ಟದ್ದರಿಂದ ಸಭೆಯನ್ನು ಬೇಗ ಮುಗಿಸಬೇಕಾಯಿತು.

ಆ ಪತ್ರಿಕೆ ಬಂದ ಮರುದಿನ ಗಾದೆಪ್ಪ ಬ್ರೂಸ್‌ಪೇಟೆಗೆ ಹೋದ. ಮುಂದಿನ ಎರಡು ಹಲ್ಲು ಹೋಗಿದ್ದವು. ಅಪ್ಪ ಜೊತೆಗೆ ಬಂದು ಬೀದಿಯ ಆಚೆ ನಿಂತ. ಹೊಸ ಚರ್ಮ ಬಿಗಿದ ಹಲಗೆ ಹೆಗಲಲ್ಲಿತ್ತು. ಕುರುಗೋಡಿನಲ್ಲಿ ಡಂಗುರ ಈಗ ಬೇರೆಯವನ ಪಾಲಾಗಿತ್ತು, ಮೋಕದಿಂದ ಒಬ್ಬನನ್ನು ಕರೆಸಿದ್ದರು.

ಚಿದಾನಂದಪ್ಪನವರು ಬಾಗಿಲಿಗೆ ಬಂದರು. ಅವರ ಮುಖದಲ್ಲಿ ನಿಜವಾದ ನೋವಿತ್ತು.

‘ನನ್ನ ಮಾನ ಕಳದಿ. ಇರಲಿ. ನಿನ್ನ ಜೀವನ ಹಾಳ್ ಮಾಡಾಕ ನನಗ ಮನಸಿಲ್ಲ. ಕ್ಷಮಾಪಣಿ ಬರಕೊಡು. ಪತ್ರಿಕಿಯಾಗ ಹಾಕ್ತೀನಿ. ಅವತ್ತಾ ಸಹಿ ಮಾಡ್ತೀನಿ.’

‘ಏನಂತ ಬರೀಲಿ?’

‘ಕುರುಗೋಡಿನ ಎರ್ರಣ್ಣನ ಮಗ ಗಾದೆಪ್ಪ ಎಂಬ ನಾನು ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಅಷ್ಟಾ.’

‘ನನ್ನ ಹೆಸರು ಹಾಕ್ತೀರೇನ್ರಿ?’

‘ಹಾಕ್ದೆ ಹೆಂಗ?’

‘ಅಪ್ಪಂದೂ?’

‘ಹ್ಞೂಂ.’

‘ಊರಿಂದೂ?’

ಚಿದಾನಂದಪ್ಪನವರಿಗೆ ತಡವಾಗಿ ಹೊಳೆಯಿತು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು.

‘ಮೂರು ಹೆಣದ ಹೆಸರಿಗೆ ಜಾಗ ಇರಲಿಲ್ರಿ,’ ಎಂದ ಗಾದೆಪ್ಪ. ಹಲ್ಲಿಲ್ಲದ ಕಡೆಯಿಂದ ಗಾಳಿ ಹೋಗುತ್ತಿತ್ತು. ಕೈ ಪಕ್ಕದಲ್ಲೇ ಇತ್ತು. ‘ನಾನು ಸುಳ್ಳ ಅನ್ನಾಕ ಮೂರು ಹೆಸರಿಗೂ ಜಾಗ ಐತಿ. ನಿಮ್ಮ ಸಹಿ ನೀವಾ ಇಟ್ಕೊಳ್ರಿ.’

ಒಳಗೆ ರಂಗಣ್ಣ ತಲೆ ತಗ್ಗಿಸಿ ಮೊಳೆ ಜೋಡಿಸುತ್ತಲೇ ಇದ್ದ. ಗಾದೆಪ್ಪ ಮೂಲೆಗೆ ಹೋಗಿ, ತಾನು ಮೂರು ತಿಂಗಳು ಕೂತಿದ್ದ ಕಟ್ಟುಗಳಲ್ಲಿ ಒಂದನ್ನು ಎತ್ತಿಕೊಂಡ. ಯಾರೂ ಬೇಡ ಅನ್ನಲಿಲ್ಲ. ಅವನು ಕೂತದ್ದನ್ನು ಇನ್ನು ಯಾರು ಮುಟ್ಟುತ್ತಾರೆ.

ಬೀದಿ ದಾಟಿದ.

‘ಸಹಿ ಹಾಕಿದ್ರೇನು?’ ಎಂದ ಎರ್ರಣ್ಣ.

‘ಇಲ್ಲ.’

ಎರ್ರಣ್ಣ ಹೊಸ ಚರ್ಮವನ್ನು ಬೆರಳಿನಿಂದ ತಟ್ಟಿ ನೋಡಿದ. ‘ತಣ್ಣಗೈತಿ. ಇಲ್ಲಿ ಸಾರಬೇಕಂದ್ರ ಕಾಯಿಸ್ಬೇಕು. ಇಲ್ಲೆಲ್ಲಿ ಹುಲ್ಲು?’

ಗಾದೆಪ್ಪ ಕಟ್ಟು ಬಿಚ್ಚಿದ. ಪತ್ರಿಕೆಗಳನ್ನು ಬೀದಿಯ ನಡುವೆ ರಾಶಿ ಹಾಕಿ ಕಡ್ಡಿ ಗೀರಿದ. ಕೊಟ್ಟೂರಪ್ಪನ ಮುಖ ಅಂಚಿನಿಂದ ಸುರುಟಿಕೊಂಡಿತು. ಅಂಗಡಿಗಳವರು ಗಲ್ಲಾಪೆಟ್ಟಿಗೆ ಬಿಟ್ಟು ಹೊರಗೆ ಬಂದರು. ಎರ್ರಣ್ಣ ಕುಕ್ಕರಗಾಲಿನಲ್ಲಿ ಕೂತು ಹಲಗೆಯನ್ನು ಬೆಂಕಿಯ ಮೇಲೆ ನಿಧಾನವಾಗಿ ತಿರುಗಿಸಿದ. ಬಡಿದು ನೋಡಿದ. ಸದ್ದು ಇನ್ನೂ ಸತ್ತೇ ಇತ್ತು.

‘ಕಾಗದದ ಉರಿ, ಜಲ್ದಿ ಆರತೈತಿ,’ ಎಂದ. ‘ಇನ್ನಷ್ಟು ಹಾಕು.’